ಅಡಿಕೆ ಧಾರಣೆ ಹಾಕೋಕೆ ಮೂರು ಅಡ್ಮಿನ್ ಪ್ಯಾನಲ್: ಅತ್ತಿಗೆ ಒಪ್ಪಿದ್ದು ಒಂದನ್ನೇ

ಮೊದಲೇ ಹೇಳಿಬಿಡುತ್ತೇನೆ, ಸೈಟಿಗೆ ಒಳಗಿನಿಂದ ಬರೆದು ಹಾಕುವ ಅಡ್ಮಿನ್ ಪ್ಯಾನಲ್‌ಗಳಲ್ಲಿ ನನ್ನ ಓಟು ವರ್ಡ್‌ಪ್ರೆಸ್‌ಗೆ. ಅದೂ ಇದ್ದ ಹಾಗೇ ಇರೋ ವರ್ಡ್‌ಪ್ರೆಸ್‌ಗಲ್ಲ, ಅರ್ಧ ಮೆನು ಕಿತ್ತು ಹಾಕಿದ ವರ್ಡ್‌ಪ್ರೆಸ್‌ಗೆ. ಇಲ್ಲಿಗೆ ಬಂದು ಸೇರುವ ಹೊತ್ತಿಗೆ 28,000 ರೂಪಾಯಿ ಕೈಬಿಟ್ಟಿತ್ತು, ಒಬ್ಬ ಹಿರಿಯರ ಹತ್ತಿರ ಬೈಸಿಕೊಂಡೂ ಆಗಿತ್ತು.

ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಪುಟ್ಟ ವೆಬ್‌ಸೈಟು. ದಿನಾ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ, ವಾರಕ್ಕೊಂದು ತೋಟದ ಬಗ್ಗೆ ಲೇಖನ, ಅಷ್ಟೇ. ಧಾರಣೆ ಹಾಕುವವರು ನಮ್ಮ ಅತ್ತಿಗೆ, ಅದೂ ಫೋನಿನಲ್ಲಿ, ಸಂಜೆ ಹಾಲು ಕರೆದಾದ ಮೇಲೆ. ಲೇಖನ ಬರೆಯುವವರು ನಮ್ಮೂರ ನಿವೃತ್ತ ಮೇಷ್ಟ್ರು, ಹಳೇ ಲ್ಯಾಪ್‌ಟಾಪಿನಲ್ಲಿ. ನಾನು ಶಿವಮೊಗ್ಗದಲ್ಲಿ ಇರುವವನು. ಏನಾದರೂ ಕೆಟ್ಟರೆ ಫೋನು ಬರುವುದು ನನಗೆ. ಹಾಗಾಗಿ ಸೈಟು ಹೊರಗಿನಿಂದ ಎಷ್ಟು ಚಂದ ಕಾಣುತ್ತೆ ಅನ್ನುವುದಕ್ಕಿಂತ, ಒಳಗೆ ಬರೆಯುವ ಕಡೆ ಎಷ್ಟು ಸಲೀಸು ಅನ್ನುವುದೇ ನನಗೆ ಮುಖ್ಯ.

ನಾವು ಬಳಸಿ ನೋಡಿದ್ದು ಮೂರು. ಒಂದು, ಪರಿಚಯದವರ ಹತ್ತಿರ ಹೇಳಿ ಮಾಡಿಸಿದ ಪ್ಯಾನಲ್. ಎರಡು, ಜೂಮ್ಲಾ ಅನ್ನೋ ಸಿದ್ಧ ಸಾಫ್ಟ್‌ವೇರ್. ಮೂರು, ವರ್ಡ್‌ಪ್ರೆಸ್. ಘೋಸ್ಟ್ ಅನ್ನೋ ಅಂಥದ್ದೇ ಇನ್ನೊಂದನ್ನೂ ಎರಡು ದಿನ ನೋಡಿದೆ. ಬರೆಯೋಕೆ ಅದರಷ್ಟು ನೀಟಾದ ಪುಟ ಇನ್ನೊಂದಿಲ್ಲ. ಆದರೆ ಅವರೇ ನಡೆಸಿಕೊಡುವುದಕ್ಕೆ ಡಾಲರ್ ಲೆಕ್ಕ, ನಾವೇ ಹಾಕಿಕೊಂಡರೆ ಬೇರೆ ಸರ್ವರೇ ಬೇಕು. ನಮ್ಮ ಜೇಬಿಗಲ್ಲ, ಬಿಟ್ಟೆ.

ಹೇಳಿ ಮಾಡಿಸಿದ ಪ್ಯಾನಲ್ ನೋಡಲು ಬಹಳ ಚಂದವಿತ್ತು. ಎಡಗಡೆ ಬರೀ ನಾಲ್ಕು ಬಟನ್. 'ನಿಮಗೆ ಬೇಕಾದ್ದು ಮಾತ್ರ ಇಟ್ಟಿದ್ದೀನಿ ಸರ್' ಅಂದಿದ್ದರು ಮಾಡಿಕೊಟ್ಟವರು. ನಿಜಕ್ಕೂ ಹಾಗೇ ಇತ್ತು. ಅತ್ತಿಗೆ ಮೊದಲ ದಿನವೇ ಒಬ್ಬರೇ ಧಾರಣೆ ಹಾಕಿದರು. ನನಗೂ ಖುಷಿ.

ಗ್ರಹಚಾರ ಶುರುವಾಗಿದ್ದು ಜೂನ್‌ನಲ್ಲಿ. ಆಗುಂಬೆ ಕಡೆ ಮಳೆ ಹಿಡಿಯಿತು ಅಂದರೆ ನಮ್ಮಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಜೊತೆಗೇ ಹೋಗುತ್ತವೆ. ಮೇಷ್ಟ್ರು ಅಡಿಕೆಯ ಕೊಳೆ ರೋಗದ ಬಗ್ಗೆ ಬರೆಯಲು ಕೂತಿದ್ದರು. ಅದಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನಕ್ಕೆ. ಇದು ಎಲ್ಲರೂ ಬರೆಯುವಂಥದ್ದೇ. ಅವರು ಅದರ ಜೊತೆಗೆ ತಮ್ಮ ಅಪ್ಪನ ಕಾಲದಲ್ಲಿ ಔಷಧಿ ಸಿಗದೆ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದ ಕಥೆಯನ್ನೂ ಸೇರಿಸಿ, ಒಂದೂವರೆ ಗಂಟೆ ಕೂತು ಟೈಪ್ ಮಾಡಿದ್ದರು. ಕೊನೆಗೆ ಸೇವ್ ಒತ್ತಿದರು. ಲಾಗಿನ್ ಪುಟ ಬಂತು. ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ, ಖಾಲಿ ಪೆಟ್ಟಿಗೆ.

ಆಗಿದ್ದು ಇಷ್ಟು. ಆ ಪ್ಯಾನಲ್‌ನಲ್ಲಿ ಇಪ್ಪತ್ತು ನಿಮಿಷ ಪುಟ ಬದಲಿಸದಿದ್ದರೆ ಸೆಷನ್, ಅಂದರೆ ಲಾಗಿನ್ ಅವಧಿ, ಮುಗಿಯುತ್ತಿತ್ತು. ಟೈಪ್ ಮಾಡುತ್ತಾ ಕೂತಿದ್ದು ಸರ್ವರಿಗೆ ಗೊತ್ತೇ ಆಗುವುದಿಲ್ಲ, ಅದರ ಲೆಕ್ಕದಲ್ಲಿ ಮೇಷ್ಟ್ರು ಎದ್ದು ಹೋಗಿದ್ದಾರೆ. ಸೇವ್ ಒತ್ತಿದಾಗ ಅದು ಲೇಖನವನ್ನು ತೆಗೆದುಕೊಳ್ಳಲಿಲ್ಲ, 'ನೀವ್ಯಾರು' ಅಂತ ಕೇಳಿತು. ಬರೆದದ್ದೆಲ್ಲ ಎತ್ತಲೋ ಹೋಯಿತು.

'ಏನೋ ಮಾರಾಯ, ನಿನ್ನ ಕಂಪ್ಯೂಟರಿಗೆ ನಾನು ಕೂತಿದ್ದು ಕಾಣಲಿಲ್ವನಾ?' ಅಂದರು ಫೋನಿನಲ್ಲಿ. ಏನು ಹೇಳೋದು? ಮಾಡಿಕೊಟ್ಟವರಿಗೆ ಹೇಳಿದೆ. ಸಮಯವನ್ನು ಎರಡು ಗಂಟೆಗೆ ಏರಿಸಿದರು. ಮುಂದಿನ ವಾರ ಸೇವ್ ಒತ್ತುವ ಹೊತ್ತಿಗೇ ನೆಟ್ ಹೋಯಿತು, ಮತ್ತೆ ಅದೇ ಕಥೆ. ಆಮೇಲೆ ಮೇಷ್ಟ್ರು ಮೊದಲು ನೋಟ್‌ಪ್ಯಾಡ್‌ನಲ್ಲಿ ಬರೆದು, ಸೇವ್ ಮಾಡಿ, ಅಲ್ಲಿಂದ ಕಾಪಿ ಮಾಡಲು ಶುರು ಮಾಡಿದರು. ಇಪ್ಪತ್ತೆಂಟು ಸಾವಿರದ ಪ್ಯಾನಲ್ ಇಟ್ಟುಕೊಂಡು ನೋಟ್‌ಪ್ಯಾಡ್‌ನಲ್ಲಿ ಬರೆಯೋದು! ಕೊಟ್ಟೆ ಕಥೆಯನ್ನು ಎರಡನೇ ಸಲ ಬರೆದುಕೊಟ್ಟರು, ಆದರೆ ಅಪ್ಪನ ಮಾತುಗಳು ಮೊದಲಿನ ಹಾಗೆ ಬರಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ.

ಈ ಒಂದು ವಿಷಯದಲ್ಲೇ ವರ್ಡ್‌ಪ್ರೆಸ್ ನನ್ನನ್ನು ಗೆದ್ದದ್ದು. ಅದು ನಿಮಿಷಕ್ಕೊಮ್ಮೆ ತಾನೇ ಸರ್ವರ್‌ನಲ್ಲಿ ಉಳಿಸುತ್ತದೆ. ಬರೆಯುವಾಗ ಲಾಗಿನ್ ಅವಧಿ ಮುಗಿದರೆ ಪುಟ ಬಿಟ್ಟು ಹೋಗುವುದಿಲ್ಲ. ಬರೆಯುತ್ತಿರುವುದರ ಮೇಲೇ ಒಂದು ಚಿಕ್ಕ ಕಿಟಕಿ ತೆರೆದು ಪಾಸ್‌ವರ್ಡ್ ಕೇಳುತ್ತದೆ, ಹಾಕಿದರೆ ಮುಂದುವರಿಯಬಹುದು. ನೆಟ್ ಹೋದರೆ ಬ್ರೌಸರ್‌ನಲ್ಲೇ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಇದೆಲ್ಲ ಹೊಸದೇನಲ್ಲ, 2013ರ 3.6ನೇ ಆವೃತ್ತಿಯಿಂದಲೇ ಇದೆ. ನಾನು ಬೇಕೆಂದೇ ಪರೀಕ್ಷೆ ಮಾಡಿದೆ. ಮೇಷ್ಟ್ರ ಮನೆ ಜಗುಲಿಯಲ್ಲಿ ಕೂತು, ಅರ್ಧ ಪ್ಯಾರಾ ಟೈಪ್ ಮಾಡಿ, ಫೋನಿನ ಹಾಟ್‌ಸ್ಪಾಟ್ ಆರಿಸಿದೆ. ಸಂಪರ್ಕ ತಪ್ಪಿದೆ, ನೀವು ಬರೆದದ್ದು ಬ್ರೌಸರ್‌ನಲ್ಲಿ ಇದೆ ಅನ್ನೋ ಅರ್ಥದ ಒಂದು ಪಟ್ಟಿ ಮೇಲೆ ಬಂತು. ಹಾಟ್‌ಸ್ಪಾಟ್ ಹಾಕಿದೆ, ಪಟ್ಟಿ ಹೋಯಿತು, ಅಕ್ಷರ ಅಲ್ಲೇ ಇದ್ದವು. ಮೇಷ್ಟ್ರು ಕನ್ನಡಕ ಮೇಲೆ ಸರಿಸಿ ಎರಡು ಸಲ ನೋಡಿ, 'ಇದು ಮೊದಲೇ ತರಬೇಕಿತ್ತು' ಅಂದರು. ಬೈಗುಳ ಮುಗಿದದ್ದು ಅವತ್ತೇ.

ನಡುವೆ ಜೂಮ್ಲಾ ಬಂದು ಹೋದದ್ದನ್ನೂ ಹೇಳಬೇಕು. ಅದನ್ನು ಬೈಯುವ ಮನಸ್ಸಿಲ್ಲ. ನಾಲ್ಕನೇ ಆವೃತ್ತಿ 2021ರಲ್ಲಿ ಬಂದ ಮೇಲೆ ಅಡ್ಮಿನ್ ಪುಟ ಎಷ್ಟೋ ಅಚ್ಚುಕಟ್ಟಾಗಿದೆ. ನಮ್ಮಂಥವರಿಗೆ ಬೇಕಾದ ಕಸ್ಟಮ್ ಫೀಲ್ಡ್, ಅಂದರೆ ನಾವೇ ಮಾಡಿಕೊಳ್ಳುವ ಖಾನೆ, ಅದರಲ್ಲೇ ಇದೆ, ಬೇರೆ ಪ್ಲಗಿನ್ (ಮೇಲಿನಿಂದ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಬೇಡ. ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನೋ ಅಡಿಕೆಯ ಬಗೆಗಳು, ಒಂದೊಂದಕ್ಕೂ ಕನಿಷ್ಠ ಮತ್ತು ಗರಿಷ್ಠ ದರದ ಖಾನೆ ಮಾಡಿಕೊಟ್ಟೆ. ಅರ್ಧ ಗಂಟೆಯ ಕೆಲಸ.

ಎಡವಿದ್ದು ಬೀಗದಲ್ಲಿ. ಜೂಮ್ಲಾದಲ್ಲಿ ಒಬ್ಬರು ತೆರೆದ ಬರಹಕ್ಕೆ ಬೀಗ ಬೀಳುತ್ತದೆ, ಇಬ್ಬರು ಒಟ್ಟಿಗೆ ತಿದ್ದಬಾರದು ಅಂತ. ಒಳ್ಳೆಯದೇ. ಆದರೆ ಕೆಲಸ ಮುಗಿಸಿದ ಮೇಲೆ ಕ್ಲೋಸ್ ಬಟನ್ ಒತ್ತಿಯೇ ಹೊರಗೆ ಬರಬೇಕು. ಬರೀ ಸೇವ್ ಒತ್ತಿ ಬ್ರೌಸರ್ ಮುಚ್ಚಿದರೆ ಬೀಗ ಹಾಗೇ ಉಳಿಯುತ್ತದೆ. ಫೋನಿನಲ್ಲಿ ಕೆಲಸ ಮುಗಿದ ಮೇಲೆ ಯಾರು ಕ್ಲೋಸ್ ಹುಡುಕುತ್ತಾರೆ ಹೇಳಿ? ಅತ್ತಿಗೆ ಸೇವ್ ಒತ್ತಿ ಫೋನ್ ಪಕ್ಕಕ್ಕಿಟ್ಟು ಒಲೆ ಹತ್ತಿರ ಹೋಗುತ್ತಾರೆ. ರಾತ್ರಿ ಮೇಷ್ಟ್ರು ಒಂದು ಅಂಕಿ ತಪ್ಪಾಗಿದ್ದು ಕಂಡು ತಿದ್ದಲು ಹೋದರೆ ಬೀಗದ ಗುರುತು. ನನಗೆ ಫೋನು. ನಾನು ಒಳಗೆ ಹೋಗಿ ಚೆಕ್-ಇನ್ ಮಾಡಿ ಬೀಗ ತೆಗೆಯಬೇಕು. ವಾರಕ್ಕೆ ಮೂರು ಸಲ ಇದೇ ಆಯಿತು. ವರ್ಡ್‌ಪ್ರೆಸ್‌ನಲ್ಲೂ ಬೀಗ ಇದೆ, ಆದರೆ 'ಇವರು ತಿದ್ದುತ್ತಿದ್ದಾರೆ, ನೀವು ವಹಿಸಿಕೊಳ್ಳುತ್ತೀರಾ' ಅಂತ ಕೇಳುತ್ತದೆ. ಪುಟ ಮುಚ್ಚಿ ಸ್ವಲ್ಪ ಹೊತ್ತಾದರೆ ಬೀಗ ತಾನೇ ಬಿಟ್ಟುಹೋಗುತ್ತದೆ.

ಇನ್ನು ವರ್ಡ್‌ಪ್ರೆಸ್‌ನ ಕಿರಿಕಿರಿಗಳು. ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

2018ರ ಡಿಸೆಂಬರ್‌ನಲ್ಲಿ 5.0 ಜೊತೆ ಬಂದ ಬ್ಲಾಕ್ ಎಡಿಟರ್ ಮೇಷ್ಟ್ರಿಗೆ ಹಿಡಿಸಲಿಲ್ಲ. ಪ್ರತಿ ಪ್ಯಾರಾ ಒಂದೊಂದು ಇಟ್ಟಿಗೆ, ಎಲ್ಲಿ ಮುಟ್ಟಿದರೂ ಮೇಲೆ ಒಂದು ಟೂಲ್‌ಬಾರ್ ಎದ್ದು ನಿಲ್ಲುತ್ತದೆ. ಸಾಲದ್ದಕ್ಕೆ ಪೂರ್ತಿ ಪರದೆಯಲ್ಲೇ ತೆರೆಯುತ್ತದೆ. ಎಡಗಡೆ ಮೆನು ಕಾಣದೆ, ಸೈಟೇ ಹೋಯಿತು ಅಂದುಕೊಂಡು ಅವರು ಲ್ಯಾಪ್‌ಟಾಪ್ ಮುಚ್ಚಿ ಇಟ್ಟಿದ್ದರು. ಕ್ಲಾಸಿಕ್ ಎಡಿಟರ್ ಪ್ಲಗಿನ್ ಹಾಕಿದೆ. ಯಾರಿಗೆ ಯಾವ ಎಡಿಟರ್ ಬೇಕೋ ಅವರೇ ಆರಿಸಿಕೊಳ್ಳಲು ಅದರಲ್ಲಿ ಬಿಡಬಹುದು. ಮೇಷ್ಟ್ರಿಗೆ ಹಳೇದು, ನನಗೆ ಹೊಸದು. ಜಗಳ ಮುಗಿಯಿತು.

ಕಾಂಟ್ರಿಬ್ಯೂಟರ್ ಅನ್ನೋ ಪಾತ್ರ ಕೊಟ್ಟರೆ ಬರೆಯಬಹುದು, ಫೋಟೋ ಹಾಕುವ ಹಾಗಿಲ್ಲ. ಇದು ಗೊತ್ತಿಲ್ಲದೆ ಮೇಷ್ಟ್ರಿಗೆ ಅದನ್ನೇ ಕೊಟ್ಟು ಒಂದು ಸಂಜೆ ಹಾಳು ಮಾಡಿಕೊಂಡೆ. ಆಥರ್ ಕೊಡಿ.

ಪ್ಲಗಿನ್‌ಗಳು ಡ್ಯಾಶ್‌ಬೋರ್ಡ್ ನೆತ್ತಿಯ ಮೇಲೆ ಅಂಟಿಸುವ ಜಾಹೀರಾತು ಪಟ್ಟಿಗಳು ಸಂತೆಯ ಗದ್ದಲದ ಹಾಗೆ. ಪ್ಲಗಿನ್ ಕಡಿಮೆ ಇಟ್ಟಷ್ಟೂ ಒಳ್ಳೆಯದು.

ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಮೂರರಲ್ಲೂ ಹುಳ ಹರಿದ ಹಾಗೆ ಕಾಣುತ್ತದೆ. ಅದು ಪ್ಯಾನಲ್ ತಪ್ಪಲ್ಲ, ಮೊದಲು ಯೂನಿಕೋಡ್ ಮಾಡಿಕೊಳ್ಳಬೇಕು.

ಕನ್ನಡದವರು ತಿಳಿದಿರಬೇಕಾದ ಒಂದು ಕೊಕ್ಕೆ ಲಿಂಕಿನದು. ಶೀರ್ಷಿಕೆ ಕನ್ನಡದಲ್ಲಿ ಕೊಟ್ಟರೆ ವರ್ಡ್‌ಪ್ರೆಸ್ ಲಿಂಕನ್ನೂ ಕನ್ನಡದಲ್ಲೇ ಮಾಡುತ್ತದೆ, ಆದರೆ ಒಳಗೆ ಒಂದೊಂದು ಕನ್ನಡ ಚಿಹ್ನೆಗೂ ಒಂಬತ್ತು ಜಾಗ ಹಿಡಿಯುತ್ತದೆ. ಇರುವುದು ಇನ್ನೂರು ಜಾಗ. ಅಲ್ಲಿಗೆ ಇಪ್ಪತ್ತೆರಡು ಚಿಹ್ನೆ, ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ಅತ್ತಿಗೆ ದಿನಾ ಕೊಡುವ ಶೀರ್ಷಿಕೆ 'ಶಿವಮೊಗ್ಗ ಅಡಿಕೆ ಧಾರಣೆ ಜೂನ್ 12' ಅನ್ನುವಂಥದ್ದು. ಲಿಂಕು 'ಜೂನ' ಅನ್ನುವಲ್ಲಿಗೆ ಕತ್ತರಿಸಿ ಹೋಗುತ್ತಿತ್ತು, ನ್ ಅಕ್ಷರದ ಹಲಂತ ಚಿಹ್ನೆಯೂ ಇಲ್ಲ, ತಾರೀಕೂ ಇಲ್ಲ. ಮರುದಿನದ್ದೂ ಅದೇ ಲಿಂಕು, ಕೊನೆಗೊಂದು 2. ಅದರ ಮರುದಿನ 3. ವಾಟ್ಸಾಪಿನಲ್ಲಿ ಕಳಿಸಿದರೆ ಮೂರು ಸಾಲು ಪರ್ಸೆಂಟ್ ಚಿಹ್ನೆಗಳು. ಅದನ್ನು ನೋಡಿ ಒಬ್ಬರು ವೈರಸ್ ಅಂದುಕೊಂಡು ಗ್ರೂಪೇ ಬಿಟ್ಟರು! ಈಗ ಧಾರಣೆಗೆ ತಾರೀಕೇ ಲಿಂಕ್ ಆಗುವ ಹಾಗೆ ನಾಲ್ಕು ಸಾಲು ಕೋಡ್ ಹಾಕಿದ್ದೇನೆ. ಮೇಷ್ಟ್ರ ಲೇಖನಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ನಾನೇ ಕೊಡುತ್ತೇನೆ. ಜೂಮ್ಲಾ ಈ ವಿಷಯದಲ್ಲಿ ವಾಸಿ. ಪೂರ್ತಿ ಕನ್ನಡ ಶೀರ್ಷಿಕೆ ಅರ್ಥವಾಗದಿದ್ದರೆ ಸುಮ್ನೆ ತಾರೀಕು, ಗಂಟೆ ಹಾಕಿಬಿಡುತ್ತದೆ. ಜಾಣತನ ಅಲ್ಲ, ಆದರೂ ಕೆಲಸ ನಡೆಯುತ್ತದೆ.

ಅತ್ತಿಗೆಯ ಪುಟ ಈಗ ಹೀಗಿದೆ. ಲಾಗಿನ್ ಆದರೆ ನೇರ 'ಇವತ್ತಿನ ಧಾರಣೆ'. ನಾಲ್ಕು ಬಗೆ, ಎಂಟು ಖಾನೆ, ಒಂದು ಪ್ರಕಟಿಸುವ ಬಟನ್. ಮೇಲಿನ ಸ್ಕ್ರೀನ್ ಆಪ್ಷನ್ಸ್‌ಗೆ ಹೋಗಿ ಬೇಡದ ಪೆಟ್ಟಿಗೆಗಳ ಗುರುತು ತೆಗೆದೆ. ಅದು ಅವರವರ ಲಾಗಿನ್‌ಗೆ ಮಾತ್ರ ಅನ್ವಯ, ಹಾಗಾಗಿ ಅವರ ಲಾಗಿನ್‌ನಲ್ಲೇ ಒಳಗೆ ಹೋಗಿ ಮಾಡಬೇಕಾಯಿತು. ಭಾಷೆಯನ್ನೂ ಅವರೊಬ್ಬರಿಗೆ ಕನ್ನಡಕ್ಕೆ ಬದಲಿಸಿದೆ. ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ, ಆದರೂ ನಡೆಯುತ್ತೆ.

ಖಾನೆಗಳಿಗೆ ಕಸ್ಟಮ್ ಫೀಲ್ಡ್ಸ್ ಪ್ಲಗಿನ್ ಹಾಕಿದೆ, ಉಚಿತದ್ದೇ ಸಾಕು. ಅಂಕಿಯ ಖಾನೆಗೆ ಕೆಳಮಿತಿ ಕೊಡಬಹುದು, ನಾನು 10,000 ಇಟ್ಟೆ. ಯಾಕೆ ಅಂದರೆ ಹಳೇ ಪ್ಯಾನಲ್‌ನಲ್ಲಿ ಒಂದು ದಿನ ರಾಶಿಗೆ 48,599ರ ಬದಲು 4,859 ಬಿದ್ದಿತ್ತು. ಕೊನೆಯ ಅಂಕಿ ಒತ್ತುವಾಗ ಬೆರಳು ಜಾರಿದೆ ಅಷ್ಟೇ. ಬೆಳಗ್ಗೆ ಆರಕ್ಕೇ ಫೋನು: 'ಏನ್ ಮಾರಾಯ್ರೇ, ರಾಶಿ ಹಿಂಗೆ ಬಿದ್ದೋಯ್ತಾ?' ಈಗ ಹಾಗೆ ಹಾಕಿದರೆ ಖಾನೆ ಕೆಂಪಾಗುತ್ತದೆ, ಮುಂದೆ ಹೋಗಲು ಬಿಡುವುದಿಲ್ಲ.

ಖರ್ಚಿನ ಮಾತು. ಹೇಳಿ ಮಾಡಿಸಿದ್ದಕ್ಕೆ 28,000, ಮೇಲೆ ವರ್ಷಕ್ಕೆ 6,000 ನಿರ್ವಹಣೆ. ಈಗ ಹೋಸ್ಟಿಂಗ್, ಡೊಮೈನ್ ಸೇರಿ ವರ್ಷಕ್ಕೆ ನಾಲ್ಕು ಸಾವಿರದ ಒಳಗೆ. ಜೂಮ್ಲಾ ಆಗಿದ್ದರೂ ಅಷ್ಟೇ ಆಗುತ್ತಿತ್ತು. ನನ್ನ ಮೂರು ಭಾನುವಾರ ಹೋದವು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ನಿಮ್ಮಲ್ಲಿ ಒಬ್ಬರೇ ಬರೆಯುವುದು, ಅದೂ ಕಂಪ್ಯೂಟರಿನ ಮುಂದೆ ಕೂತು, ನೆಟ್ ಗಟ್ಟಿಯಾಗಿದೆ ಅಂದರೆ ಜೂಮ್ಲಾ ಧಾರಾಳವಾಗಿ ಸಾಕು, ಬೀಗದ ತಂಟೆಯೇ ಬರುವುದಿಲ್ಲ. ಹೇಳಿ ಮಾಡಿಸುವುದಾದರೆ ಹಣ ಕೊಡುವ ಮೊದಲು ಅವರ ಎದುರೇ ಹತ್ತು ಸಾಲು ಬರೆದು, ವೈಫೈ ಆರಿಸಿ, ಸೇವ್ ಒತ್ತಿ ನೋಡಿ. ನಮಗೆ ಮಳೆಗಾಲ ಇರುವವರೆಗೆ ವರ್ಡ್‌ಪ್ರೆಸ್ಸೇ.

ಈ ವಾರ ಅತ್ತಿಗೆ ಹೊಸ ಬೇಡಿಕೆ ಇಟ್ಟಿದ್ದಾರೆ. ನಿನ್ನೆಯ ಧಾರಣೆ ಖಾನೆಯ ಪಕ್ಕದಲ್ಲೇ ಕಾಣಬೇಕಂತೆ, ಹಾಕುವಾಗಲೇ ಏರಿತೋ ಇಳಿಯಿತೋ ಗೊತ್ತಾಗುತ್ತೆ ಅಂತ. ಇದು ನನಗೇ ಹೊಳೆಯಬೇಕಿತ್ತು. ಬರುವ ಭಾನುವಾರವೂ ಹೋಯಿತು ಅಂದುಕೊಳ್ಳಿ.