"ಲೈವ್ ಆರ್ಕೆಸ್ಟ್ರಾ" ಅಂತ ನಂಬಿಸಿ ಟಿಕೆಟ್ ಮಾರ್ತಾರೆ, ನಟ್‌ಕ್ರ್ಯಾಕರ್ ನೋಡೋಕೆ ಹೊರಟೋರು ಹುಷಾರು

ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೀತಿದೀನಿ. ಕ್ರಿಸ್‌ಮಸ್ ರಜೆಗೆ ನಟ್‌ಕ್ರ್ಯಾಕರ್ ಬ್ಯಾಲೆ (ಚೈಕೋವ್‌ಸ್ಕಿ ಅನ್ನೋ ಕಂಪೋಸರ್‌ನ ಸಂಗೀತಕ್ಕೆ ಕುಣಿಯೋ ನೃತ್ಯನಾಟಕ) ನೋಡೋಣ ಅಂತಿರೋರು ದಯವಿಟ್ಟು ಟಿಕೆಟ್ ಜೊತೆ ತೋರಿಸೋ ಪ್ರೇಕ್ಷಕರ ಅಭಿಪ್ರಾಯ ನಂಬಿ ಬುಕ್ ಮಾಡ್ಬೇಡಿ. "ಲೈವ್ ಮ್ಯೂಸಿಕ್ ಕೇಳಿ ಮೈ ಜುಮ್ ಅಂತು", "ಹಿಮದ ಸೀನ್ ನೋಡಿ ಕಣ್ಣಲ್ಲಿ ನೀರು" ಅಂತ ಸಾಲಾಗಿ ಐದೈದು ಸ್ಟಾರು. ಅದನ್ನೇ ಅತ್ತೆಗೆ ಓದಿ ಹೇಳಿ, ಮಂಡಿ ನೋವು ಅಂದ್ರೂ ಬಿಡದೆ ಕರ್ಕೊಂಡು ಹೋದೆ.

ಒಳಗೆ ಹೋದ್ರೆ ಆರ್ಕೆಸ್ಟ್ರಾ ಕೂರೋ ಜಾಗಕ್ಕೆ ಕರಿ ಬಟ್ಟೆ ಮುಚ್ಚಿದಾರೆ. ಒಂದು ಕುರ್ಚಿ ಇಲ್ಲ. ಬರ್ತಾರೇನೋ ಅಂತ ಕಾದ್ರೆ ಲೈಟ್ ಆರಿಸಿ ಸ್ಪೀಕರಲ್ಲಿ ರೆಕಾರ್ಡಿಂಗ್ ಶುರು! ರೆಕಾರ್ಡಿಂಗ್‌ಗೆ ಕುಣಿಯೋದು ತಪ್ಪಲ್ಲ, ಎಷ್ಟೋ ಟ್ರೂಪ್‌ಗಳು ಮಾಡ್ತಾರೆ, ಆದ್ರೆ ಮೊದಲೇ ಹೇಳಿ ಮಾಡ್ತಾರೆ. ಮೊದಲ ಅಂಕದ ಕೊನೆಗೆ ಹಿಮದ ವಾಲ್ಟ್ಸ್ ಅನ್ನೋ ಡ್ಯಾನ್ಸ್ ಬರುತ್ತಲ್ಲ, ಮಕ್ಕಳು ಪದಗಳೇ ಇಲ್ಲದೆ ಬರೀ "ಆ" ಅಂತ ಹಾಡೋದು, ಅದೇ ಇಲ್ಲ. ಇಲಿರಾಜ ಸತ್ತ, ಪರದೆ ಬಿತ್ತು, ಇಂಟರ್ವಲ್.

ಪಕ್ಕದ ಸೀಟಿನವರ ಮಗಳು ಇಲಿ ಪಾರ್ಟ್ ಮಾಡ್ತಿದ್ಲಂತೆ. ರಿವ್ಯೂಲಿ ಏನೇನೋ ಬರೆದಿದ್ರಲ್ಲ ಅಂದೆ. ಆಯಮ್ಮ ನಗ್ತಾ, "ಅಯ್ಯೋ ಅದು ನಾವೇ ಪೇರೆಂಟ್ಸ್ ಬರೆದಿದ್ದು, ಆರ್ಕೆಸ್ಟ್ರಾದ್ದು ಹೋದ ಸಲ ಬಂದಿದ್ದ ಬೇರೆ ಟ್ರೂಪ್‌ದು, ಹಾಗೇ ಉಳಿಸ್ಕೊಂಡಿದಾರೆ" ಅಂದ್ರು. ಮೈಯೆಲ್ಲ ಉರಿದುಹೋಯ್ತು. ನಾವೇ ಬರೆದಿದ್ದು ಅಂತೆ!

ಎರಡನೇ ಅಂಕದಲ್ಲಿ ಶುಗರ್ ಪ್ಲಮ್ ಫೇರಿ, ಅಂದ್ರೆ ಸಿಹಿತಿಂಡಿ ಲೋಕದ ಕಿನ್ನರಿಯ ಡ್ಯಾನ್ಸ್. ಅದರಲ್ಲಿ ಬರೋ ಸೆಲೆಸ್ಟಾನ (ಪುಟ್ಟ ಗಂಟೆ ಥರ ಸದ್ದು ಮಾಡೋ, ಪಿಯಾನೋ ಥರದ ವಾದ್ಯ) ಚೈಕೋವ್‌ಸ್ಕಿ ಪ್ಯಾರಿಸ್‌ನಲ್ಲಿ ಕಂಡು, ಬೇರೆ ಕಂಪೋಸರ್‌ಗಳಿಗೆ ಸುಳಿವು ಸಿಗದ ಹಾಗೆ ಗುಟ್ಟಾಗಿ ತರಿಸ್ಕೊಂಡಿದ್ನಂತೆ, ಇಲ್ಲಿ ರೆಕಾರ್ಡಿಂಗೇ ಗರಗರ ಅಂದು ನಿಂತು ಹೋಯ್ತು. ಆ ಹುಡುಗಿ ಪಾಪ ತುದಿಬೆರಳಿಂದ ಮೆಲ್ಲಗೆ ಇಳಿದು, ನಗು ಹಾಗೇ ಇಟ್ಕೊಂಡು ಸೈಡಿಗೆ ನೋಡ್ತಾ ನಿಂತ್ಲು. ಅತ್ತೆ ನನ್ನ ಕಡೆ ತಿರುಗಿ, "ಇದಕ್ಕೇನಾ ಮೈ ಜುಮ್ ಅಂದಿದ್ದು?" ಡ್ಯಾನ್ಸರ್‌ಗಳ ಮೇಲೆ ಖಂಡಿತ ಸಿಟ್ಟಿಲ್ಲ, ಚೆನ್ನಾಗೇ ಕುಣಿದ್ರು.

ಮನೆಗೆ ಬಂದು ಆರ್ಗನೈಸರ್‌ಗೆ ಮೆಸೇಜ್ ಮಾಡಿದೆ. "ಕಾರ್ಯಕ್ರಮದಲ್ಲಿ ಬದಲಾವಣೆ ಆಗಬಹುದು ಅಂತ ಟಿಕೆಟ್‌ನಲ್ಲೇ ಇದೆ." ಬದಲಾವಣೆ ಅಂದ್ರೆ ಇಡೀ ಆರ್ಕೆಸ್ಟ್ರಾನೇ ಮಾಯ ಆಗೋದಾ ಅಂದೆ. ಬಂದ ಉತ್ತರ ನೋಡಿ: "ಲೈವ್ ಅಂದ್ರೆ ಡ್ಯಾನ್ಸ್ ಲೈವ್ ಮೇಡಂ." ಹಾಗಾದ್ರೆ ಆರ್ಕೆಸ್ಟ್ರಾ ಅನ್ನೋ ಪದ ಯಾಕೆ ಹಾಕಿದ್ರಿ? ಅದಕ್ಕೆ ಉತ್ತರ ಇಲ್ಲ. ಹಿಮದ ಸೀನ್ ಎಲ್ಲಿ ಅಂದ್ರೆ "ಪುಟ್ಟ ಮಕ್ಕಳಿಗೆ ಬೋರ್ ಆಗದಿರಲಿ ಅಂತ". ಪೂರ್ತಿ ಆಡಿದ್ರೆ ಮ್ಯೂಸಿಕ್ಕೇ ಹತ್ತಿರ ಹತ್ತಿರ ಒಂದೂವರೆ ಗಂಟೆ ಇದೆ, ಇವರು ಇಂಟರ್ವಲ್ ಸೇರಿಸಿ ಒಂದು ಗಂಟೆಗೆ ಮುಗಿಸಿದಾರೆ, ಜಾಹೀರಾತಲ್ಲಿ ಮಾತ್ರ "ಸಂಪೂರ್ಣ ಎರಡು ಅಂಕ". ರೀಫಂಡ್ ಕೇಳಿದ್ರೆ, "ಕೊನೆವರೆಗೂ ಕೂತು ನೋಡಿದ್ರಲ್ಲ ಮೇಡಂ, ಹೇಗೆ ಕೊಡೋದು?" ಮಂಡಿ ನೋವಿರೋರನ್ನ ಕತ್ತಲಲ್ಲಿ ಮೆಟ್ಟಿಲು ಇಳಿಸಿ ಕರ್ಕೊಂಡು ಬರ್ಬೇಕಿತ್ತಾ?

ಬುಕ್ ಮಾಡೋ ಮುಂಚೆ ಫೋನ್ ಮಾಡಿ ಮ್ಯೂಸಿಕ್ ಯಾರು ನುಡಿಸ್ತಾರೆ, ಎಷ್ಟು ಹೊತ್ತಿನ ಶೋ ಅಂತ ಕೇಳಿ, ಉತ್ತರಾನ ಮೆಸೇಜಲ್ಲಿ ಬರೆಸ್ಕೊಳ್ಳಿ. ರಿವ್ಯೂ ತಾರೀಖು ನೋಡಿ. "ನಮ್ಮ ಪುಟ್ಟಿ ಸೂಪರ್" ಅನ್ನೋ ಥರದ್ದು ಕಂಡ್ರೆ ಪಕ್ಕಕ್ಕಿಡಿ.

ನಾನೂ ಒಂದು ಸ್ಟಾರ್ ಕೊಟ್ಟು ನಡೆದಿದ್ದೆಲ್ಲ ಬರೆದು ಹಾಕಿದೆ. "ಪರಿಶೀಲನೆಯಲ್ಲಿದೆ" ಅಂತ ಬಂತು, ಈಗ ಅದೂ ಕಾಣಿಸ್ತಿಲ್ಲ. ಮೈ ಜುಮ್ ಅಂದೋರದ್ದು ಮಾತ್ರ ಎಲ್ಲಕ್ಕಿಂತ ಮೇಲಿದೆ.