ಸುಸ್ತಿಗೆ ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳುವ ಮುಂಚೆ ಇದನ್ನು ಓದಿ

ಮುಂಬೈ, ಠಾಣೆ ಕಡೆ ಇರುವ ನಮ್ಮವರಿಗೆ, ಅದರಲ್ಲೂ ಮೂವತ್ತೈದು ದಾಟಿದ ಗಂಡಸರಿಗೆ ಮತ್ತು ಅವರ ಮನೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಫೋನ್ ತೆಗೆದರೆ ಸಾಕು, ಜಾಹೀರಾತು ಬರುತ್ತಲ್ವಾ? ಸುಸ್ತಾ, ಹೊಟ್ಟೆ ಬರ್ತಿದೆಯಾ, ಆಸಕ್ತಿ ಕಡಿಮೆಯಾಗಿದೆಯಾ, ಹಾರ್ಮೋನ್ ಚೆಕ್ ಮಾಡಿಸಿಕೊಳ್ಳಿ ಅಂತ. ಅಂಥ ಒಂದು ಕ್ಲಿನಿಕ್ಕಿಗೆ ನನ್ನ ಗಂಡ ಹೋಗಿ, ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡರು. ಒಂದು ವರ್ಷ ತುಂಬುವುದರೊಳಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದರು. ಮಗುವಿಗಾಗಿ ಕಾಯುತ್ತಿದ್ದ ನಮಗೆ ವೀರ್ಯಾಣು ಸೊನ್ನೆ ಅನ್ನುವ ರಿಪೋರ್ಟೂ ಕೈಗೆ ಬಂತು. ಇದನ್ನು ಬರೆ, ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಅಂತ ಅವರೇ ಹೇಳಿದರು. ದೂರು ನಡೆಯುತ್ತಿರುವುದರಿಂದ ಕ್ಲಿನಿಕ್ಕಿನ ಹೆಸರು ಹಾಕುತ್ತಿಲ್ಲ.

ನಾವಿರುವುದು ಡೊಂಬಿವಿಲಿಯಲ್ಲಿ. ಅವರ ಆಫೀಸು ಅಂಧೇರಿಯಲ್ಲಿ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ದಾದರಿನಲ್ಲಿ ಟ್ರೈನ್ ಬದಲಿಸಿ, ನೂಕುನುಗ್ಗಲಲ್ಲಿ ಹೋಗಿ, ರಾತ್ರಿ ಹತ್ತಕ್ಕೆ ಊಟ, ಹನ್ನೆರಡಕ್ಕೆ ನಿದ್ದೆ. ಗೊರಕೆ ಜಾಸ್ತಿ. ತೂಕವೂ ಏರುತ್ತಾ ಹೋಗಿತ್ತು. ಇಂಥ ಬದುಕಿನಲ್ಲಿ ಸುಸ್ತಾಗದೆ ಇನ್ನೇನಾಗುತ್ತೆ? ಆದರೆ ಕ್ಲಿನಿಕ್ಕಿನವರು ಇದೊಂದನ್ನೂ ಕೇಳಲಿಲ್ಲ. ಆಫೀಸು ಮುಗಿಸಿ, ಸ್ಟೇಷನ್ ಹೊರಗೆ ವಡಾಪಾವ್ ತಿಂದು ಸಂಜೆ ಹೋದವರ ರಕ್ತ ತೆಗೆದರು. ಟೆಸ್ಟೋಸ್ಟೆರಾನ್ 262 ಬಂತು. ನಿಮಗೆ ಕಡಿಮೆಯಿದೆ ಅಂತ ಅಲ್ಲೇ ಪ್ಯಾಕೇಜು ಮಾತಾಡಿದರು.

ಮೊದಲ ತಪ್ಪು ಇಲ್ಲೇ ಆಗಿದ್ದು. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿರುತ್ತೆ, ಹೊತ್ತು ಏರಿದಂತೆ ಇಳಿಯುತ್ತೆ. ಊಟ ಮಾಡಿದರೂ ಇಳಿಯುತ್ತೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಎರಡು ಬೇರೆ ಬೇರೆ ದಿನ ಪರೀಕ್ಷೆ ಮಾಡಬೇಕು. ಎರಡರಲ್ಲೂ ಕಡಿಮೆ ಬಂದು, ಅದಕ್ಕೆ ತಕ್ಕ ಲಕ್ಷಣಗಳೂ ಇದ್ದರೆ ಮಾತ್ರ ಮುಂದಿನ ಮಾತು. ಆಮೇಲೂ ಎಲ್‌ಎಚ್, ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನುಗಳನ್ನೂ ನೋಡಿ, ತೊಂದರೆ ವೃಷಣದಲ್ಲಿದೆಯಾ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲಿದೆಯಾ ಅಂತ ಹುಡುಕಬೇಕು. ಬೊಜ್ಜು, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೂ ಈ ಹಾರ್ಮೋನ್ ಕಡಿಮೆಯಾಗುತ್ತೆ. ಎಷ್ಟೋ ಜನರಿಗೆ ತೂಕ ಇಳಿದು ನಿದ್ದೆ ಸರಿಹೋದರೆ ಅದೂ ಮೇಲೆ ಬರುತ್ತೆ. ಇಂಜೆಕ್ಷನ್ ಕೊಟ್ಟರೆ ನಿದ್ದೆಯ ಉಸಿರಾಟದ ತೊಂದರೆ ಇನ್ನೂ ಕೆಡಬಹುದು. ಗೊರಕೆ ಹೊಡೀತೀರಾ ಅನ್ನುವ ಒಂದು ಪ್ರಶ್ನೆ ಕೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು ಹೇಳಿ.

ಈ ಔಷಧಿ ನಿಜವಾಗಿಯೂ ಬೇಕಾದವರು ಇದ್ದಾರೆ. ವೃಷಣಕ್ಕೆ ಪೆಟ್ಟಾದವರು, ಪಿಟ್ಯುಟರಿ ಆಪರೇಷನ್ ಆದವರು, ಹುಟ್ಟಿನಿಂದಲೇ ತೊಂದರೆ ಇರುವವರು. ಅವರಿಗೆ ಇದು ದೊಡ್ಡ ಆಸರೆ. ಈ ಬರಹ ಓದಿ ಅವರು ಹೆದರಿ ಔಷಧಿ ಬಿಡಬಾರದು. ನಾನು ಹೇಳುತ್ತಿರುವುದು ಇದನ್ನು ಟಾನಿಕ್ ತರಹ ಮಾರುವವರ ಬಗ್ಗೆ.

ಮೊದಮೊದಲು ನನ್ನ ಗಂಡನಿಗೆ ಚೆನ್ನಾಗೇ ಅನಿಸುತ್ತಿತ್ತು. ಹುರುಪು ಬಂತು, ಜಿಮ್ಮಿಗೂ ಹೋಗತೊಡಗಿದರು. ಎರಡು ವಾರಕ್ಕೊಂದು ಇದ್ದ 250 ಮಿಲಿಗ್ರಾಂ ಇಂಜೆಕ್ಷನ್ನನ್ನು, ರಿಸಲ್ಟ್ ಇನ್ನೂ ಚೆನ್ನಾಗಿ ಬರುತ್ತೆ ಅಂತ ಕ್ಲಿನಿಕ್ಕಿನವರು ವಾರಕ್ಕೊಂದು ಮಾಡಿದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಸಣ್ಣ ಗಾಜಿನ ಸೀಸೆಯಲ್ಲಿ ಹಳದಿ ಬಣ್ಣದ ಎಣ್ಣೆಯಂಥ ಔಷಧಿ. ಅಲ್ಲಿದ್ದ ಹುಡುಗ ಅದನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ದಪ್ಪ ಸೂಜಿಯಲ್ಲಿ ಎಳೆದು ಸೊಂಟಕ್ಕೆ ಚುಚ್ಚಿದ. ಡಾಕ್ಟರ್ ಎಲ್ಲಿ ಅಂದೆ. ಸರ್ ವಿಡಿಯೋ ಕಾಲಿನಲ್ಲಿ ಸಿಗ್ತಾರೆ ಅಂದ. ರಸೀದಿಯಲ್ಲಿ ಔಷಧಿಯ ಹೆಸರೇ ಇರಲಿಲ್ಲ, ಬರೀ "ವೆಲ್‌ನೆಸ್ ಪ್ಯಾಕೇಜ್" ಅಂತ ಇತ್ತು. ಈ ರಸೀದಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೆಲವು ತಿಂಗಳಲ್ಲಿ ಮುಖ ಕೆಂಪಗೆ ಕಾಣತೊಡಗಿತು. ತಲೆನೋವು, ಬಿಪಿ ಜಾಸ್ತಿ. ಬಣ್ಣ ಬಂದಿದೆ, ಒಳ್ಳೇದೇ ಅಂತ ಕ್ಲಿನಿಕ್ಕಿನವರು ಹೇಳಿದರಂತೆ! ಒಂದು ಭಾನುವಾರ ಎಡಗಾಲಿನ ಮೀನಖಂಡ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ಸಾಕ್ಸಿನ ಗುರುತು ಒಂದು ಕಾಲಿನಲ್ಲಿ ಆಳವಾಗಿ ಒತ್ತಿತ್ತು, ಇನ್ನೊಂದರಲ್ಲಿ ಇರಲೇ ಇಲ್ಲ. ರೀ, ಇದು ಟ್ರೈನಿನಲ್ಲಿ ನಿಂತು ಬಂದ ಊತ ಅಲ್ಲ, ಏಳಿ ಅಂತ ಕರೆದುಕೊಂಡು ಹೋದೆ. ಡಾಪ್ಲರ್ ಸ್ಕ್ಯಾನಿನಲ್ಲಿ ಹೆಪ್ಪು ಸಿಕ್ಕಿತು. ಸಿಬಿಸಿ ಅನ್ನುವ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತೆ, ಹಿಮ್ಯಾಟೊಕ್ರಿಟ್ ಅನ್ನುವುದೂ ಅದನ್ನೇ. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಅದು ಹೇಳುತ್ತೆ. ಟೆಸ್ಟೋಸ್ಟೆರಾನ್ ಕೆಂಪು ಕಣಗಳನ್ನು ಹೆಚ್ಚಿಸುತ್ತೆ, ರಕ್ತ ಗಟ್ಟಿಯಾಗುತ್ತೆ. 54 ಪರ್ಸೆಂಟ್ ದಾಟಿದರೆ ಔಷಧಿ ನಿಲ್ಲಿಸಬೇಕು ಅನ್ನುವುದು ವೈದ್ಯರ ಲೆಕ್ಕ. ಇವರಿಗೆ 57 ಇತ್ತು. ಶುರು ಮಾಡುವ ಮುಂಚೆ, ಆಮೇಲೆ ಮೂರು ತಿಂಗಳಿಂದ ಆರು ತಿಂಗಳೊಳಗೆ ಈ ಪರೀಕ್ಷೆ ಮಾಡಿಸಬೇಕಿತ್ತು. ಅಲ್ಲಿ ಒಂದು ಸಲವೂ ಮಾಡಿಸಿರಲಿಲ್ಲ.

ಮಗುವಿನ ವಿಷಯ ಬರೆಯುವುದು ನನಗೆ ಕಷ್ಟ, ಆದರೂ ಬರೆಯುತ್ತೇನೆ. ನಾವು ಮಗುವಿಗಾಗಿ ಚಿಕಿತ್ಸೆಗೆ ಓಡಾಡುತ್ತಿದ್ದೇವೆ ಅಂತ ಕ್ಲಿನಿಕ್ಕಿನ ಫಾರಮ್ಮಿನಲ್ಲೇ ನನ್ನ ಗಂಡ ಬರೆದಿದ್ದರು. ಇದರಿಂದ ಅದಕ್ಕೂ ಅನುಕೂಲ ಅಂತ ಕ್ಲಿನಿಕ್ಕಿನವರು ಅಂದರು. ಆಗುವುದು ಪೂರ್ತಿ ಉಲ್ಟಾ. ಹೊರಗಿನಿಂದ ದಿನಾ ಊಟದ ಡಬ್ಬಿ ಬಂದರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಹೊರಗಿನ ಹಾರ್ಮೋನ್ ಬಂದಾಗ ವೃಷಣಕ್ಕೆ ಕೆಲಸ ಹೇಳಲು ಪಿಟ್ಯುಟರಿಯಿಂದ ಬರುವ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ನಿಲ್ಲುತ್ತೆ. ವೃಷಣಗಳು ಕುಗ್ಗುತ್ತೆ, ವೀರ್ಯಾಣು ತಯಾರಾಗುವುದು ತೀರಾ ಕಡಿಮೆಯಾಗುತ್ತೆ, ಎಷ್ಟೋ ಜನರಿಗೆ ನಿಂತೇ ಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನದಲ್ಲಿ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷೆ ಮಾಡಿದ್ದರು, ಅದರ ವರದಿ 1990ರಲ್ಲಿ ಬಂತು. ಅಂದರೆ ಮಗು ಬೇಕು ಅಂತ ಬಂದವರಿಗೆ ಇವರು ವಾರವಾರ ಕೊಟ್ಟಿದ್ದು ಗರ್ಭನಿರೋಧಕಕ್ಕಿಂತ ಜಾಸ್ತಿ ಡೋಸು. ನಿಲ್ಲಿಸಿದ ಮೇಲೆ ಬಹಳಷ್ಟು ಜನರಿಗೆ ಆರು ತಿಂಗಳು, ಒಂದು ವರ್ಷದಲ್ಲಿ ವಾಪಸ್ ಬರುತ್ತೆ, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತೆ. ನಾವು ಕಾಯುತ್ತಿದ್ದೇವೆ. ನನಗೂ ವಯಸ್ಸು ನಿಲ್ಲುವುದಿಲ್ಲವಲ್ಲ.

ವಿಷಯ ಗೊತ್ತಾದ ಮೇಲೆ ನೆಂಟರೊಬ್ಬರು ಅಮೆರಿಕದ ಸುದ್ದಿ ಕಳಿಸಿ, ಅಲ್ಲಿ ಕೋಟಿಗಟ್ಟಲೆ ಪರಿಹಾರ ಸಿಕ್ಕಿದೆ, ನೀವೂ ಕೇಸ್ ಹಾಕಿ ಅಂದರು. ಅದನ್ನು ಪೂರ್ತಿ ಓದಬೇಕು. ಅಲ್ಲಿ "ಲೋ ಟಿ" (ಟೆಸ್ಟೋಸ್ಟೆರಾನ್ ಕಡಿಮೆ) ಅಂತ ದೊಡ್ಡ ಪ್ರಚಾರ ಮಾಡಿ ವಯಸ್ಸಿನ ಸುಸ್ತಿಗೂ ಈ ಔಷಧಿ ಮಾರಿದರು. 2014ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಪರಿಶೀಲಿಸುತ್ತಿದ್ದೇವೆ ಅಂತು. 2015ರಲ್ಲಿ ಬರೀ ವಯಸ್ಸಾಗಿದ್ದಕ್ಕೆ ಕಡಿಮೆಯಾದ ಹಾರ್ಮೋನಿಗೆ ಈ ಔಷಧಿಗೆ ಅನುಮೋದನೆ ಇಲ್ಲ, ಹೃದಯದ ಅಪಾಯವನ್ನೂ ಲೇಬಲ್ಲಿನಲ್ಲಿ ಬರೆಯಿರಿ ಅಂತ ಕಂಪನಿಗಳಿಗೆ ಹೇಳಿತು. ಸಾವಿರಾರು ಕೇಸುಗಳು ಶಿಕಾಗೋದ ಫೆಡರಲ್ ಕೋರ್ಟಿನಲ್ಲಿ ಒಟ್ಟಾದವು. 2017ರಲ್ಲಿ ಆಂಡ್ರೋಜೆಲ್ ಅನ್ನುವ, ಮೈಗೆ ಹಚ್ಚುವ ಟೆಸ್ಟೋಸ್ಟೆರಾನ್ ಜೆಲ್ ಮಾರುವ ಆಬ್‌ವೀ ಕಂಪನಿ ಒಬ್ಬರಿಗೆ 15 ಕೋಟಿ ಡಾಲರ್ ಕೊಡಬೇಕು ಅಂತ ಜ್ಯೂರಿ ಹೇಳಿತು. ನೆಂಟರು ಕಳಿಸಿದ್ದು ಈ ಸುದ್ದಿ. ಆದರೆ ನ್ಯಾಯಾಧೀಶರು ಆ ತೀರ್ಪನ್ನು ತೆಗೆದುಹಾಕಿದರು. 2018ರ ಮರುವಿಚಾರಣೆಯಲ್ಲಿ ಅದು ಸುಮಾರು 32 ಲಕ್ಷ ಡಾಲರಿಗೆ ಇಳಿಯಿತು. ಅದೇ ವರ್ಷ ಕಂಪನಿ ಉಳಿದವರ ಜೊತೆ ರಾಜಿಗೆ ಬಂತು.

ಆಮೇಲೆ ವಿಜ್ಞಾನವೂ ಮುಂದೆ ಹೋಗಿದೆ. 2023ರಲ್ಲಿ ಟ್ರಾವರ್ಸ್ ಅನ್ನುವ ಅಧ್ಯಯನ ಬಂತು, ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದಿದ್ದು. ನಿಜವಾಗಿ ಹಾರ್ಮೋನ್ ಕಡಿಮೆ ಇದ್ದವರಿಗೆ, ನಿಗಾ ಇಟ್ಟು ಜೆಲ್ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಶ್ವಾಸಕೋಶದಲ್ಲಿ ಹೆಪ್ಪು 0.9 ಪರ್ಸೆಂಟ್ ಜನರಿಗೆ ಬಂತು, ಔಷಧಿಯಿಲ್ಲದ ಜೆಲ್ ಹಚ್ಚಿದವರಲ್ಲಿ 0.5. ಹೃದಯದ ಬಡಿತ ತಪ್ಪುವುದು, ಕಿಡ್ನಿಗೆ ಪೆಟ್ಟು, ಇವೂ ಸ್ವಲ್ಪ ಜಾಸ್ತಿ. 2025ರಲ್ಲಿ ಎಫ್‌ಡಿಎ ಲೇಬಲ್ಲಿನ ಹೃದಯದ ಎಚ್ಚರಿಕೆ ಬದಲಿಸಿ, ಬಿಪಿ ಏರುವ ಎಚ್ಚರಿಕೆ ಹಾಕಿಸಿತು. ನಿಗಾ ಇಡುವುದು ಅಂದೆನಲ್ಲ, ನಮ್ಮ ಮನೆಯವರಿಗೆ ಸಿಗದೇ ಹೋಗಿದ್ದು ಅದೇ.

ಅಮೆರಿಕದ ಕೇಸು ಕಂಪನಿಯ ಮೇಲೆ, ಎಚ್ಚರಿಕೆ ಕೊಡಲಿಲ್ಲ ಅಂತ. ನಮ್ಮದು ಕ್ಲಿನಿಕ್ಕಿನ ನಿರ್ಲಕ್ಷ್ಯದ ಮೇಲೆ. ಇಲ್ಲಿ ದಾರಿ ಬೇರೆ. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಒಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಕಾನೂನಿನಲ್ಲಿ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕ್ಲಿನಿಕ್ ಮುಂಬೈಯಲ್ಲಿದ್ದರೂ ನಾವು ಠಾಣೆಯಲ್ಲಿ ಕೊಟ್ಟೆವು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಇದನ್ನು ಮರೆಯಬೇಡಿ. ಡಾಕ್ಟರರ ನಡತೆಯ ಬಗ್ಗೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್, ಚೀಟಿಯಿಲ್ಲದೆ ಔಷಧಿ ಕೊಟ್ಟಿದ್ದಕ್ಕೆ ಮಹಾರಾಷ್ಟ್ರದ ಔಷಧಿ ಇಲಾಖೆ (ಇದರ ಹೆಸರೂ ಎಫ್‌ಡಿಎ), ಇವಕ್ಕೂ ದೂರು ಕೊಡಬಹುದು. ಟೆಸ್ಟೋಸ್ಟೆರಾನ್ ಶೆಡ್ಯೂಲ್ ಎಚ್ ಔಷಧಿ, ನೋಂದಾಯಿತ ಡಾಕ್ಟರ್ ಬರೆದುಕೊಡದೆ ಮಾರುವಂತಿಲ್ಲ. ಇದು ಜಿಮ್ಮಿನ ಟ್ರೈನರ್‌ಗೂ ಅನ್ವಯಿಸುತ್ತೆ. ಲೈಂಗಿಕ ಶಕ್ತಿ ಹೆಚ್ಚುತ್ತೆ ಅಂತ ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ.

ಈಗ ಆ ರಸೀದಿ. ಔಷಧಿಯ ಹೆಸರಿಲ್ಲ, ಡೋಸಿಲ್ಲ, ಡಾಕ್ಟರರ ನೋಂದಣಿ ಸಂಖ್ಯೆಯಿಲ್ಲ. ಏನು ಚುಚ್ಚಿದಿರಿ ಅಂದರೆ ವಿಟಮಿನ್ ಅಂದರು! ಹೆಪ್ಪಾಗಿದ್ದಕ್ಕೆ ಇಂಜೆಕ್ಷನ್ನೇ ಕಾರಣ ಅಂತ ತೋರಿಸುವುದು ಮೊದಲೇ ಸುಲಭ ಅಲ್ಲ, ಕೂತು ಕೆಲಸ, ಬೊಜ್ಜು ಅಂತ ಅವರ ವಕೀಲರು ಹೇಳೇ ಹೇಳುತ್ತಾರೆ. ಅದರ ಮೇಲೆ ಔಷಧಿ ಕೊಟ್ಟೇ ಇಲ್ಲ ಅಂದುಬಿಟ್ಟರೆ? ನಮಗೆ ಕೈ ಹಿಡಿದಿದ್ದು ಅವರೇ ಕಳಿಸಿದ್ದ ವಾಟ್ಸಾಪ್ ಮೆಸೇಜುಗಳು. "ನಾಳೆ 250 ಡೋಸ್ ಇದೆ, ಬನ್ನಿ" ಅಂತ ವಾರವಾರ ಬಂದಿದ್ದವು. ಆಸ್ಪತ್ರೆಯವರು ದಾಖಲಾದಾಗ ಮಾಡಿದ ಹಾರ್ಮೋನ್ ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ ವಿಪರೀತ, ಎಲ್‌ಎಚ್ ಹೆಚ್ಚುಕಡಿಮೆ ಸೊನ್ನೆ. ಹೊರಗಿನಿಂದ ಕೊಟ್ಟಾಗ ಕಾಣುವುದು ಹೀಗೇ.

ಈಗಾಗಲೇ ತಗೊಳ್ಳುತ್ತಿದ್ದರೆ ಕ್ಲಿನಿಕ್ಕಿನವರ ಮಾತಿಗೆ ಡೋಸು ಏರಿಸಬೇಡಿ, ಹೆದರಿ ನೀವೇ ಥಟ್ಟನೆ ನಿಲ್ಲಿಸಲೂ ಬೇಡಿ. ಒಬ್ಬ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರ ಹತ್ತಿರ ಹೋಗಿ. ಪಿಸಿವಿ, ಬಿಪಿ, ಪ್ರಾಸ್ಟೇಟ್ ಗ್ರಂಥಿಗೆ ಪಿಎಸ್‌ಎ ಅನ್ನುವ ರಕ್ತಪರೀಕ್ಷೆ ನೋಡಿಸಿ. ಮಗು ಬೇಕಿದ್ದರೆ ಮೊದಲ ಮಾತೇ ಅದಾಗಿರಲಿ, ಬೇರೆ ಚಿಕಿತ್ಸೆಗಳಿವೆ. ಜೆಲ್ ಹಚ್ಚುವವರು ಕೈ ತೊಳೆದು, ಹಚ್ಚಿದ ಜಾಗ ಮುಚ್ಚಿಕೊಂಡೇ ಮಕ್ಕಳನ್ನು ಎತ್ತಿಕೊಳ್ಳಿ, ಅಪ್ಪನ ಮೈಯಿಂದ ಚಿಕ್ಕ ಮಕ್ಕಳಿಗೆ ಅಂಟಿ ತೊಂದರೆಯಾದ ಉದಾಹರಣೆಗಳಿವೆ. ಒಂದು ಕಾಲು ಮಾತ್ರ ಊದಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಕ್ಲಿನಿಕ್ಕಿನಿಂದ ನಿಮ್ಮ ಫೈಲನ್ನು ಬರವಣಿಗೆಯಲ್ಲಿ ಕೇಳಿ, 72 ಗಂಟೆಯೊಳಗೆ ಡಾಕ್ಟರ್ ಕೊಡಬೇಕು ಅನ್ನುವುದು ನಿಯಮ. ಅಡ್ಡಪರಿಣಾಮ ಆಗಿದ್ದರೆ 1800-180-3024ಕ್ಕೆ ತಿಳಿಸಬಹುದು, ಗ್ರಾಹಕ ಸಹಾಯವಾಣಿ 1915. ಖಾಲಿ ಸೀಸೆ ಮನೆಯಲ್ಲಿದ್ದರೆ ಬಿಸಾಡಬೇಡಿ, ಔಷಧಿಯ ಹೆಸರು, ಬ್ಯಾಚ್ ನಂಬರು ಅದರ ಮೇಲಿರುತ್ತೆ.