ಭೂಮಿ ಸಾಸಿವೆಯಾದರೆ ಶನಿ ಎಷ್ಟು ದೂರ? ಸೌರಮಂಡಲ ಕಲಿಸಲು ನಾವು ಬಳಸಿದ ತಾಣಗಳ ಹೋಲಿಕೆ

ನನ್ನ ಮಗಳಿಗೆ ಗ್ರಹಗಳ ಹೆಸರು ಕಲಿಸುವುದು ಕಷ್ಟವಾಗಲಿಲ್ಲ. ಬುಧವಾರ, ಗುರುವಾರ, ಶನಿವಾರ ಎನ್ನುವಾಗಲೇ ಅರ್ಧ ಬಂದಿತ್ತು. ಇನ್ನಷ್ಟು ದೇವಸ್ಥಾನದಲ್ಲಿ ನವಗ್ರಹ ಸುತ್ತುವಾಗ ಬಂತು. ಕಷ್ಟವಾಗಿದ್ದು ದೂರ. ಅವಳು ನೋಡಿದ್ದ ಚಿತ್ರಗಳಲ್ಲೆಲ್ಲ ಎಂಟು ಗ್ರಹಗಳು ಮಣಿ ಪೋಣಿಸಿದ ಹಾಗೆ ಒತ್ತೊತ್ತಾಗಿದ್ದವು. ಅವಳಿಗೀಗ ಒಂಬತ್ತು ವರ್ಷ. ಈ ಬೇಸಿಗೆ ರಜೆಯಲ್ಲಿ ಇಬ್ಬರೂ ಕೂತು ಒಂದೊಂದೇ ತಾಣ ತೆರೆದು ನೋಡಿದೆವು.

ಮೊದಲು ನೋಡಿದ್ದು ಗ್ರಹಗಳು ಗಿರಗಿರ ಸುತ್ತುವ ಆನಿಮೇಷನ್ ವಿಡಿಯೋಗಳು. ಬಣ್ಣ ಚೆನ್ನಾಗಿದೆ, ಹಾಡೂ ಇದೆ. ಆದರೆ ದೂರದ ವಿಷಯದಲ್ಲಿ ಅದೇ ತಪ್ಪು. ಎರಡೇ ದಿನಕ್ಕೆ ಬಿಟ್ಟೆವು.

ನಾಸಾದ ಸ್ಪೇಸ್ ಪ್ಲೇಸ್ ಮಕ್ಕಳಿಗೆಂದೇ ಮಾಡಿದ್ದು. ಪುಟ್ಟ ಪುಟ್ಟ ಬರಹ, ಆಟ, ಕೈಕೆಲಸ. ಬರಹ ಇಂಗ್ಲಿಷಿನಲ್ಲಿದೆ, ಹಾಗಾಗಿ ಪಕ್ಕದಲ್ಲಿ ಕೂತು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಮರ್ಕ್ಯುರಿ ಅಂದರೆ ಬುಧ, ವೀನಸ್ ಅಂದರೆ ಶುಕ್ರ ಎಂದು ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಆಮೇಲೆ ಸಲೀಸಾಯಿತು.

ನಾಸಾದ್ದೇ ಇನ್ನೊಂದು, ಐಸ್ (Eyes, ಅಂದರೆ ಕಣ್ಣುಗಳು) ಆನ್ ದ ಸೋಲಾರ್ ಸಿಸ್ಟಮ್. ಇದು ಸ್ವಲ್ಪ ದೊಡ್ಡ ಮಕ್ಕಳಿಗೆ. ದಿನಾಂಕ ಬದಲಿಸಿದರೆ ಗ್ರಹಗಳೂ ನೌಕೆಗಳೂ ಅಂದು ಎಲ್ಲಿದ್ದವೋ ಅಲ್ಲಿಗೆ ಹೋಗುತ್ತವೆ. 1977ರಲ್ಲಿ ಹೊರಟ ವಾಯೇಜರ್ 2 ನೆಪ್ಚೂನ್ ತಲುಪಿದ್ದು 1989ರ ಆಗಸ್ಟ್‌ನಲ್ಲಿ. ಆ ದಿನಾಂಕ ಹಾಕಿದೆವು. "ಹನ್ನೆರಡು ವರ್ಷನಾ?" ಎಂದು ಬಾಯಿಬಿಟ್ಟಳು. ತನ್ನ ವಯಸ್ಸಿಗಿಂತ ಜಾಸ್ತಿ, ಅಲ್ವಾ! ನಮ್ಮ ಹಳೇ ಲ್ಯಾಪ್‌ಟಾಪ್‌ಗೆ ಮಾತ್ರ ಇದು ಭಾರವಾಯಿತು.

ಸ್ಟೆಲೇರಿಯಂ ನಮ್ಮನ್ನು ತಾರಸಿಗೆ ಕರೆದುಕೊಂಡು ಹೋಯಿತು. ಕಂಪ್ಯೂಟರಿಗೆ ಹಾಕಿಕೊಳ್ಳುವ ಆವೃತ್ತಿ ಉಚಿತ, ಬ್ರೌಸರಿನಲ್ಲೂ ನೋಡಬಹುದು. ಊರು ಶಿವಮೊಗ್ಗ ಎಂದು ಕೊಟ್ಟರೆ ನಮ್ಮ ತಲೆಯ ಮೇಲಿನ ಆಕಾಶವನ್ನೇ ತೋರಿಸುತ್ತದೆ. ಗುರುವನ್ನು ಹಿಗ್ಗಿಸಿದಾಗ ಪಕ್ಕದಲ್ಲಿ ನಾಲ್ಕು ಚಂದ್ರರು ಕಂಡರು. 1610ರಲ್ಲಿ ಗೆಲಿಲಿಯೋ ನೋಡಿದ್ದು ಇವನ್ನೇ. ಪಕ್ಕದ ಮನೆಯವರ ಬೈನಾಕ್ಯುಲರ್ ತಂದು ಗೋಡೆಗೆ ಒರಗಿ ನಿಂತು ನೋಡಿದೆವು. ಮೂರು ಚುಕ್ಕಿ ಸಿಕ್ಕವು. ನಾಲ್ಕನೆಯದು ಎಲ್ಲಿ ಎಂದು ಓಡಿಹೋಗಿ ಪರದೆ ನೋಡಿದರೆ, ಅದು ಗುರುವಿನ ಹಿಂದೆ ಅಡಗಿತ್ತು! ಆ ರಾತ್ರಿ ಅವಳಿಗೆ ನಿದ್ದೆಯೇ ಬರಲಿಲ್ಲ.

ಇನ್ನೊಂದು ದಿನ ಕೇಳಿದಳು: "ಅಮ್ಮಾ, ಇದರಲ್ಲಿ ರಾಹು, ಕೇತು ಎಲ್ಲಿ?" ಒಳ್ಳೆಯ ಪ್ರಶ್ನೆ. ಅವು ಗ್ರಹಗಳಲ್ಲ. ಆಕಾಶದಲ್ಲಿ ಸೂರ್ಯನ ದಾರಿಯನ್ನು ಚಂದ್ರನ ದಾರಿ ದಾಟುವ ಎರಡು ಜಾಗಗಳು. ಅಮಾವಾಸ್ಯೆಯೋ ಹುಣ್ಣಿಮೆಯೋ ಆ ಜಾಗಗಳ ಹತ್ತಿರ ಬಂದಾಗಲೇ ಗ್ರಹಣ. ಸ್ಟೆಲೇರಿಯಂನಲ್ಲಿ ಸೂರ್ಯನ ದಾರಿಯ ಗೆರೆ ಎಳೆಸಿ ದಿನಗಳನ್ನು ಓಡಿಸಿದರೆ ಚಂದ್ರ ಆ ಗೆರೆಯ ಮೇಲೆ ಕೆಳಗೆ ದಾಟುವುದು ಕಣ್ಣಿಗೇ ಕಾಣುತ್ತದೆ. ನನಗೂ ಇದು ಸರಿಯಾಗಿ ಅರ್ಥವಾಗಿದ್ದು ಅವತ್ತೇ.

ಇಷ್ಟಾದರೂ ಒಂದನ್ನೇ ಆರಿಸಿ ಎಂದರೆ ನಾನು ಹೇಳುವುದು ಜಾಶ್ ವರ್ತ್ ಅವರು ಮಾಡಿದ 'ಇಫ್ ದ ಮೂನ್ ವರ್ ಓನ್ಲಿ ಒನ್ ಪಿಕ್ಸೆಲ್' ಎಂಬ ಪುಟ. ಆಟವಿಲ್ಲ, ಸಂಗೀತವಿಲ್ಲ. ಚಂದ್ರನನ್ನು ಒಂದು ಚುಕ್ಕಿಯಷ್ಟು ಮಾಡಿ, ಉಳಿದದ್ದೆಲ್ಲ ಅದೇ ಅಳತೆಯಲ್ಲಿ. ಸೂರ್ಯನಿಂದ ಭೂಮಿಗೆ ಬರಲು ನಮ್ಮ ಲ್ಯಾಪ್‌ಟಾಪ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಪರದೆ ಸರಿಸಬೇಕು. ಬರೀ ಕಪ್ಪು. ಬೆಳಕಿನ ವೇಗದ ಗುಂಡಿ ಒತ್ತಿ ಸುಮ್ನೆ ಕೂತರೆ ಭೂಮಿ ಬರಲು ಎಂಟು ನಿಮಿಷ ದಾಟುತ್ತದೆ. ಅವಳು ಪೂರ್ತಿ ಕೂತಿದ್ದಳು.

ಮರುದಿನ ಅದನ್ನೇ ರಸ್ತೆಗೆ ಇಳಿಸಿದೆವು. ಗೇಟಿನ ಹತ್ತಿರ ಫುಟ್‌ಬಾಲ್, ಅದು ಸೂರ್ಯ. ಎರಡು ಮಿಲಿಮೀಟರಿನ ದಪ್ಪ ಸಾಸಿವೆ ಕಾಳು ಭೂಮಿ, ಇಪ್ಪತ್ತಮೂರೂವರೆ ಮೀಟರ್ ಆಚೆ. ಗುರು ಒಂದು ಪುಟ್ಟ ನೆಲ್ಲಿಕಾಯಿ, 122 ಮೀಟರ್ ದೂರದಲ್ಲಿ. ಶನಿಯನ್ನು 225 ಮೀಟರಿಗೆ ಇಟ್ಟಾಗ ನಮ್ಮ ರಸ್ತೆ ಮುಗಿದಿತ್ತು. ನೆಪ್ಚೂನ್ ಎಂದು ತಂದಿದ್ದ ಕಾಬೂಲಿ ಕಡಲೆ ಅವಳ ಮುಷ್ಟಿಯಲ್ಲೇ ಉಳಿಯಿತು. ಅದನ್ನು ಇಡಲು ಇನ್ನೂ 480 ಮೀಟರ್ ನಡೆಯಬೇಕಿತ್ತು.